ಸ್ಫಟಿಕಗಳ ಒಲವನ್ನು ಅಳೆದ ಕೃಷ್ಣನ್

ಚಿತ್ರದುರ್ಗದ ಸುತ್ತಲಿನ ಸೀಮೆ ಕಲ್ಲಿನ ಸೀಮೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳತ್ತ ಚಾಚಿಕೊಂಡಿರುವ ಬೆಟ್ಟಸಾಲುಗಳಲ್ಲಿ ಕಬ್ಬಿಣದ ಅಂಶವನ್ನು ಒಡಲಲ್ಲಿ ಹೊತ್ತ ಪಟ್ಟೆಪಟ್ಟೆಯಾದ ಶಿಲೆಗಳಿವೆ. ಅವುಗಳಲ್ಲಿ ಕೆಲವು ಕಲ್ಲುಗಳ ಬಳಿ ಅಯಸ್ಕಾಂತವನ್ನು ಹಿಡಿದರೆ ಅದು ಥಟ್ಟನೆ ಅಂಟಿಕೊಳ್ಳುತ್ತದೆ. ಆ ಕಲ್ಲುಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜವಿರುವುದೇ ಇದಕ್ಕೆ ಕಾರಣ. ಅಯಸ್ಕಾಂತಕ್ಕೆ ಅಂಟುವುದು ಕಬ್ಬಿಣ, ಅಂಟದಿರುವುದು ಮಿಕ್ಕೆಲ್ಲ ಎಂಬುದು ಸಾಮಾನ್ಯರ ತಿಳಿವಳಿಕೆ. ಆದರೆ ಅಯಸ್ಕಾಂತದ ಕರೆಗೆ ಸ್ವಲ್ಪವೂ ಓಗೊಡದ ವಸ್ತುಗಳು ಪ್ರಕೃತಿಯಲ್ಲಿ ಇಲ್ಲವೆಂದೇ ಹೇಳಬಹುದು. ಅಡಿಗೆಯ ಉಪ್ಪು, ಸಕ್ಕರೆ, ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆ, ಪೆನ್ಸಿಲ್ಲಿನೊಳಗಿನ ಗ್ರಾಫೈಟ್ ಇವೆಲ್ಲವೂ ಪ್ರಬಲವಾದ ಕಾಂತದ ಬಳಿ ಅತಿ ಸೂಕ್ಷ್ಮವಾಗಿ ಹಿಂದೆ ಸರಿಯುತ್ತವೆ. ಮೈಲುತುತ್ತದ ಹರಳಿನಂಥವು ಅತಿ ಸೂಕ್ಷ್ಮವಾಗಿ ಮುಂದೆ ಬರುತ್ತವೆ. ಅಷ್ಟೇ ಅಲ್ಲ, ಒಂದೇ ಹರಳು ಒಂದು ದಿಕ್ಕಿನಲ್ಲಿ ತೋರುವ ಒಲವನ್ನು ಇನ್ನೊಂದು ದಿಕ್ಕಿನಲ್ಲಿ ತೋರದಿರಬಹುದು. ಕಣ್ಣಿಗೆ ಕಾಣದ, ಕೈಗೆ ತಿಳಿಯದ ಈ ಒಲವನ್ನು ನಿಷ್ಕೃಷ್ಟವಾಗಿ ಅಳೆದು, ಅದರ ಮೂಲಕ ಹರಳಿನ ಅಂತರಂಗವನ್ನು ಓದುವ ವಿದ್ಯೆಯನ್ನು ಬೆಳೆಸಿದ ಭಾರತೀಯರೆಂದರೆ ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್ ಅವರು.

ಕೃಷ್ಣನ್ ಅವರು 1898ರ ಡಿಸೆಂಬರ್ 4ರಂದು ತಮಿಳುನಾಡಿನ ವತ್ರಾಪ್ ಎಂಬ ಊರಿನಲ್ಲಿ ಜನಿಸಿದರು. ಪಶ್ಚಿಮ ಘಟ್ಟಗಳ ಪಾದದಲ್ಲಿರುವ ಚಿಕ್ಕ ಊರು ಅದು. ತಂದೆ ಬೇಸಾಯವನ್ನು ನಂಬಿ ಬಾಳಿದವರು. ಜೊತೆಗೆ ತಮಿಳು ಮತ್ತು ಸಂಸ್ಕೃತ ಗ್ರಂಥಗಳಲ್ಲಿ ಒಳ್ಳೆಯ ಪಾಂಡಿತ್ಯವನ್ನು ಪಡೆದವರು. ನೆಲದ ನಂಟು ಮತ್ತು ಗ್ರಂಥದ ನಂಟು ಎರಡೂ ಇದ್ದ ಆ ಮನೆಯಲ್ಲಿ ಬೆಳೆದ ಬಾಲಕನಿಗೆ ಸಾಹಿತ್ಯದ ಅಭಿರುಚಿ ಎಳವೆಯಲ್ಲಿಯೇ ಅಂಟಿತು. ಅದು ಜೀವನದ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಶ್ರೀವಿಲ್ಲಿಪುತ್ತೂರಿನಲ್ಲಿ ಪ್ರೌಢಶಾಲೆಯ ವ್ಯಾಸಂಗ ಮುಗಿಸಿ, ಮಧುರೆಯ ಅಮೆರಿಕನ್ ಕಾಲೇಜಿನಲ್ಲಿಯೂ ಅನಂತರ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಅವರು ಓದಿದರು.

ಪದವಿ ಪಡೆದ ಮೇಲೆ ಕ್ರಿಶ್ಚಿಯನ್ ಕಾಲೇಜಿನಲ್ಲಿಯೇ ರಸಾಯನಶಾಸ್ತ್ರದ ಪ್ರಯೋಗ ನಿರ್ದೇಶಕರಾಗಿ ಕೃಷ್ಣನ್ ಕೆಲಸಕ್ಕೆ ಸೇರಿದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಿದ್ಯಾರ್ಥಿಗಳು ಅವರ ಸುತ್ತ ನೆರೆಯುತ್ತಿದ್ದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಯಾವುದರಲ್ಲಿ ಸಂದೇಹವಿದ್ದರೂ ಅಲ್ಲಿ ಪರಿಹಾರ ದೊರೆಯುತ್ತಿತ್ತು. ಕಲಿಸುವುದರಲ್ಲಿ ಇಷ್ಟು ಸುಖ ಕಂಡ ತರುಣ ಆ ಕೆಲಸದಲ್ಲಿಯೇ ನೆಮ್ಮದಿಯಾಗಿ ಇದ್ದುಬಿಡಬಹುದಾಗಿತ್ತು. ಆದರೆ ಅವರ ಮನಸ್ಸು ತಾನೇ ಹೊಸದನ್ನು ಹುಡುಕಬೇಕೆಂದು ಹಂಬಲಿಸುತ್ತಿತ್ತು. ಆ ದಿನಗಳಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರ ಹೆಸರು ಕಲ್ಕತ್ತೆಯಿಂದ ದೇಶದ ಮೂಲೆಮೂಲೆಗೆ ಹಬ್ಬತೊಡಗಿತ್ತು. 1920ರಲ್ಲಿ ಕೃಷ್ಣನ್ ಕಲ್ಕತ್ತೆಯ ಹಾದಿ ಹಿಡಿದರು.

ಕಲ್ಕತ್ತೆಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘವೆಂಬ ಸಂಸ್ಥೆಯಿತ್ತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸಾರ್ವಜನಿಕರ ನೆರವಿನಿಂದ ಕಟ್ಟಿದ ಸಂಸ್ಥೆ ಅದು. ರಾಮನ್ ಅವರ ಪ್ರಯೋಗಗಳು ನಡೆಯುತ್ತಿದ್ದುದು ಅಲ್ಲಿಯೇ. 1923ರಲ್ಲಿ ಕೃಷ್ಣನ್ ಅಲ್ಲಿ ಸಂಶೋಧಕರಾಗಿ ಸೇರಿದರು. ದ್ರವಗಳ ಮೇಲೆ ಬಿದ್ದ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಪರೀಕ್ಷಿಸುವ ಕೆಲಸ ಅವರಿಗೆ ಬಂದಿತು. ಒಂದೊಂದು ದ್ರವವನ್ನೂ ಧೂಳಿನ ಕಣವೂ ಉಳಿಯದಂತೆ ಶುದ್ಧಗೊಳಿಸಬೇಕು. ಕತ್ತಲೆಯ ಕೋಣೆಯಲ್ಲಿ ಮಂದವಾದ ಬೆಳಕಿನ ಜಾಡನ್ನು ಕಣ್ಣಿನಿಂದಲೇ ಗುರುತಿಸಬೇಕು. ತಾಳ್ಮೆಗೆಟ್ಟವನಿಗೆ ಒಲಿಯುವ ಕೆಲಸ ಅದಲ್ಲ.

ಆ ತಾಳ್ಮೆಗೆ ಫಲ ದೊರೆತದ್ದು 1928ರ ಫೆಬ್ರವರಿ ತಿಂಗಳಿನಲ್ಲಿ. ದ್ರವದಿಂದ ಚದುರಿ ಬಂದ ಬೆಳಕಿನಲ್ಲಿ ಮೂಲ ಬೆಳಕಿನ ಬಣ್ಣವಲ್ಲದೆ ಬೇರೆ ಬಣ್ಣದ ಕಿರಣಗಳೂ ಇರುವುದನ್ನು ಗುರುಶಿಷ್ಯರಿಬ್ಬರೂ ಖಚಿತಪಡಿಸಿಕೊಂಡರು. ಈ ಹೊಸ ವಿದ್ಯಮಾನವನ್ನು ಜಗತ್ತಿಗೆ ಸಾರಿದ ಮೊದಲ ಪತ್ರಕ್ಕೆ ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರೂ ಇದ್ದಿತು. ಅದು ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಅದೇ ವರ್ಷದ ಮಾರ್ಚ್ 31ರಂದು ಪ್ರಕಟವಾಯಿತು. ಆ ವಿದ್ಯಮಾನ ರಾಮನ್ ಪರಿಣಾಮವೆಂಬ ಹೆಸರಿನಿಂದ ಪ್ರಖ್ಯಾತವಾಯಿತು. 1930ರ ನೊಬೆಲ್ ಬಹುಮಾನ ರಾಮನ್ ಅವರೊಬ್ಬರಿಗೇ ಸಂದಿತು. ಶೋಧನೆಯ ದಿನಗಳಲ್ಲಿ ಹಗಲಿರುಳು ದುಡಿದ ಶಿಷ್ಯನ ಹೆಸರು ಸಾಮಾನ್ಯ ಜನರ ಬಾಯಲ್ಲಿ ನಿಲ್ಲಲಿಲ್ಲ. ಇಂಥ ಸಂದರ್ಭದಲ್ಲಿ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಕೈತಪ್ಪಿದ ಕೀರ್ತಿಯನ್ನು ನೆನೆದು ಕೊರಗುವುದು ಒಂದು. ತನ್ನದೇ ಆದ ಹೊಲವನ್ನು ಹುಡುಕಿಕೊಂಡು ಉಳುವುದು ಇನ್ನೊಂದು. ಕೃಷ್ಣನ್ ಅವರು ಬಹುಮಾನದ ಸುದ್ದಿ ಬರುವ ಮೊದಲೇ ಎರಡನೆಯ ದಾರಿಯಲ್ಲಿ ಬಹುದೂರ ನಡೆದಿದ್ದರು.

1928ರ ಡಿಸೆಂಬರಿನಲ್ಲಿ ಅವರು ಢಾಕಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ರೀಡರ್ ಹುದ್ದೆಯನ್ನು ವಹಿಸಿಕೊಂಡರು. ಸತ್ಯೇಂದ್ರನಾಥ ಬೋಸ್ ಅವರು ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ರಾಮನ್ ಪರಿಣಾಮದ ಹೆಸರನ್ನು ಹಿಡಿದು ಅದೇ ಕ್ಷೇತ್ರದಲ್ಲಿ ಮುಂದುವರಿಯುವುದು ಕೃಷ್ಣನ್ ಅವರಿಗೆ ಸುಲಭವಾಗಿತ್ತು. ಆದರೆ ಅವರು ಬಹುಮಂದಿ ಗಮನಿಸದಿದ್ದ ವಿಷಯವೊಂದನ್ನು ಆರಿಸಿಕೊಂಡರು. ಹರಳುಗಳ ಕಾಂತಗುಣ ದಿಕ್ಕಿನಿಂದ ದಿಕ್ಕಿಗೆ ಎಷ್ಟು ಬದಲಾಗುತ್ತದೆ, ಏಕೆ ಬದಲಾಗುತ್ತದೆ ಎಂಬುದೇ ಆ ವಿಷಯ.

ಇದನ್ನು ಅಳೆಯಲು ಅವರು ರೂಪಿಸಿದ ಉಪಾಯ ಸರಳವಾದುದು. ಬೆಣಚುಕಲ್ಲನ್ನು ಕರಗಿಸಿ ಎಳೆದ, ಕೂದಲಿಗಿಂತಲೂ ಸಪುರವಾದ ಎಳೆಯೊಂದರ ತುದಿಗೆ ಚಿಕ್ಕ ಹರಳನ್ನು ತೂಗಬಿಟ್ಟರು. ಅದರ ಎರಡೂ ಪಕ್ಕದಲ್ಲಿ ಪ್ರಬಲವಾದ ವಿದ್ಯುತ್ಕಾಂತದ ಧ್ರುವಗಳಿದ್ದುವು. ಹರಳು ತನಗೆ ಒಲವಿರುವ ದಿಕ್ಕನ್ನು ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಸಿಕೊಂಡು ನಿಲ್ಲುತ್ತದೆ. ಎಳೆಯ ಮೇಲಿನ ತುದಿಯನ್ನು ಮೆಲ್ಲಮೆಲ್ಲನೆ ತಿರುಚಿದಂತೆ ಹರಳೂ ಸ್ವಲ್ಪಸ್ವಲ್ಪವಾಗಿ ತಿರುಗುತ್ತದೆ. ಆದರೆ ತನ್ನ ಸ್ಥಾನವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಲವಿನ ದಿಕ್ಕಿನಿಂದ ಸುಮಾರು 45 ಡಿಗ್ರಿಯಷ್ಟು ಸರಿದಾಗ ಅದರ ಪ್ರತಿರೋಧ ಕೊನೆಯ ಮಿತಿಯನ್ನು ಮುಟ್ಟುತ್ತದೆ. ಮತ್ತೂ ಒಂದಿಷ್ಟು ತಿರುಚಿದರೆ ಹರಳು ಹಠಾತ್ತನೆ ಸುತ್ತಿಬಿಡುತ್ತದೆ. ಆ ಕ್ಷಣದಲ್ಲಿ ಎಳೆಯನ್ನು ಎಷ್ಟು ತಿರುಚಲಾಗಿತ್ತು ಎಂಬುದನ್ನು ನೋಡಿಕೊಂಡರೆ ಸಾಕು. ಎರಡು ದಿಕ್ಕುಗಳ ಕಾಂತಗುಣಗಳ ಅಂತರ ಲೆಕ್ಕಕ್ಕೆ ಸಿಗುತ್ತದೆ. ಹರಳನ್ನು ದ್ರಾವಣದಲ್ಲಿ ತೂಗಬಿಟ್ಟು, ಅದು ಕಾಂತದತ್ತ ಸರಿಯದೆ ದೂರವೂ ಹೋಗದೆ ನಿಲ್ಲುವಂತೆ ದ್ರಾವಣವನ್ನು ಹದಗೊಳಿಸುವ ಇನ್ನೊಂದು ವಿಧಾನವನ್ನೂ ಅವರು ಬಳಸಿದರು. ಆಗ ದ್ರಾವಣದ ಕಾಂತಗುಣವನ್ನು ಅಳೆದರೆ ಹರಳಿನದೂ ತಿಳಿದಂತಾಯಿತು. ದುಬಾರಿ ಯಂತ್ರಗಳಿಲ್ಲದ ಪ್ರಯೋಗಶಾಲೆಯಲ್ಲಿ ಒಂದು ಎಳೆ, ಒಂದು ಹರಳು ಮತ್ತು ಒಂದು ಕಾಂತದಿಂದ ನಡೆದ ಈ ಅಳತೆಗಳು ಜಗತ್ತಿನ ಯಾವ ಪ್ರಯೋಗಶಾಲೆಯ ಅಳತೆಗಳಿಗೂ ಕಡಮೆಯಾಗಿರಲಿಲ್ಲ. ಬಿ. ಸಿ. ಗುಹ ಮತ್ತು ಎಸ್. ಬ್ಯಾನರ್ಜಿಯವರೊಡನೆ ಕೃಷ್ಣನ್ ಬರೆದ ಮೊದಲ ದೀರ್ಘ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ 1933ರಲ್ಲಿ ಪ್ರಕಟಿಸಿತು.

ಈ ಅಳತೆಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಏಳುವುದು ಸಹಜ. ನ್ಯಾಫ್ತಲೀನಿನ ಅಣು ಚಪ್ಪಟೆಯಾದುದು. ಇಂಗಾಲದ ಪರಮಾಣುಗಳ ಎರಡು ಬಳೆಗಳು ಪಕ್ಕಪಕ್ಕದಲ್ಲಿ ಕೂಡಿಕೊಂಡಂತೆ ಅದರ ಆಕಾರ. ಆ ಅಣು ತನ್ನ ತಟ್ಟೆಗೆ ಲಂಬವಾದ ದಿಕ್ಕಿನಲ್ಲಿ ಕಾಂತಕ್ಷೇತ್ರವನ್ನು ಹೆಚ್ಚಾಗಿ ವಿರೋಧಿಸುತ್ತದೆ. ಆದುದರಿಂದ ಇಡೀ ಹರಳಿನ ಕಾಂತಗುಣವನ್ನು ಬೇರೆ ಬೇರೆ ದಿಕ್ಕುಗಳಲ್ಲಿ ಅಳೆದರೆ, ಅದರೊಳಗೆ ಅಣುಗಳು ಯಾವ ಓರೆಯಲ್ಲಿ ಮಲಗಿವೆ ಎಂಬುದನ್ನು ಊಹಿಸಬಹುದು. ಎಕ್ಸ್ ಕಿರಣಗಳಿಂದ ಹರಳಿನ ರಚನೆಯನ್ನು ಕಂಡುಹಿಡಿಯುವ ಕೆಲಸ ಆ ಕಾಲದಲ್ಲಿ ಬಹು ಶ್ರಮದ್ದು. ಅದಕ್ಕೆ ಕೃಷ್ಣನ್ ಅವರ ವಿಧಾನ ದಾರಿದೀಪವಾಯಿತು. ಸ್ಫಟಿಕ ವಿಜ್ಞಾನದಲ್ಲಿ ಹೆಸರಾದ ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರು 1936ರಲ್ಲಿ ಕೃಷ್ಣನ್ ಅವರೊಡನೆ ಕೂಡಿ ಈ ವಿಷಯವನ್ನು ಕುರಿತು ಪ್ರಬಂಧ ಬರೆದರು.

1933ರಲ್ಲಿ ರಾಮನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅದೇ ವರ್ಷ ಕೃಷ್ಣನ್ ಕಲ್ಕತ್ತೆಯ ಸಂಘಕ್ಕೆ ಹಿಂದಿರುಗಿ, ಮಹೇಂದ್ರಲಾಲ್ ಸರ್ಕಾರ್ ಅವರ ಹೆಸರಿನ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು. ಇಲ್ಲಿ ಅವರ ದೃಷ್ಟಿ ಕಾಂತಕ್ಕೆ ಆಕರ್ಷಿತವಾಗುವ ಲವಣಗಳ ಕಡೆಗೆ ಹರಿಯಿತು. ಕಬ್ಬಿಣದ ಗುಂಪಿಗೆ ಸೇರಿದ ಲೋಹಗಳ ಲವಣಗಳನ್ನು ಪರೀಕ್ಷಿಸಿದಂತೆಯೇ, ಆ ದಶಕದ ಕೊನೆಯಲ್ಲಿ ವಿರಳ ಭಸ್ಮ ಧಾತುಗಳ ಲವಣಗಳ ಹರಳುಗಳನ್ನೂ ಸಹೋದ್ಯೋಗಿಗಳೊಡನೆ ಅವರು ಪರೀಕ್ಷಿಸಿದರು.

ವಿರಳ ಭಸ್ಮ ಧಾತುಗಳೆಂದರೆ ಸೀರಿಯಂ, ನಿಯೋಡಿಮಿಯಂ, ಡಿಸ್‌ಪ್ರೋಸಿಯಂ, ಹೋಲ್ಮಿಯಂ, ಎರ್ಬಿಯಂ ಮೊದಲಾದ ಲೋಹಗಳು. ಇವುಗಳ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವಿದ್ದಂತೆ. ಈ ಕಾಂತಗುಣಕ್ಕೆ ಕಾರಣವಾದ ಎಲೆಕ್ಟ್ರಾನುಗಳು ಪರಮಾಣುವಿನ ಒಳಮನೆಯಲ್ಲಿ ಅಡಗಿರುತ್ತವೆ; ಹೊರಗಿನ ಎಲೆಕ್ಟ್ರಾನುಗಳು ಅವಕ್ಕೆ ಮರೆಯಾಗಿ ನಿಲ್ಲುತ್ತವೆ. ಹಾಗಿದ್ದರೂ ಸುತ್ತಲಿನ ಆಮ್ಲಜನಕದಂಥ ಪರಮಾಣುಗಳ ವಿದ್ಯುತ್ ಪ್ರಭಾವ ಒಳಮನೆಯವರೆಗೂ ತಲಪುತ್ತದೆ. ಆ ಪ್ರಭಾವಕ್ಕೆ ಒಳಗಾದ ಪುಟ್ಟ ಕಾಂತ ಎಲ್ಲ ದಿಕ್ಕುಗಳನ್ನೂ ಸಮನಾಗಿ ಕಾಣುವುದಿಲ್ಲ. ಕೆಲವು ದಿಕ್ಕುಗಳು ಅದಕ್ಕೆ ಪ್ರಿಯವಾಗುತ್ತವೆ, ಕೆಲವು ಅಪ್ರಿಯವಾಗುತ್ತವೆ. ನೆರೆಹೊರೆ ಹೇಗಿದೆಯೋ ಹಾಗೆ ಅದರ ಒಲವು. ಅಮೆರಿಕದ ವ್ಯಾನ್ ವ್ಲೆಕ್ ಮೊದಲಾದವರು ಈ ವಿಚಾರವನ್ನು ಗಣಿತದ ಮೂಲಕ ವಿವರಿಸುತ್ತಿದ್ದ ಕಾಲದಲ್ಲಿ, ಅದನ್ನು ಒರೆಗೆ ಹಚ್ಚಲು ಬೇಕಾದ ನಂಬಲರ್ಹ ಅಳತೆಗಳು ಕಲ್ಕತ್ತೆಯಿಂದ ಹೊರಟವು. ಗ್ರಾಫೈಟಿನ ಕಾಂತಗುಣವನ್ನು ಕುರಿತು ಕೃಷ್ಣನ್ ನಡೆಸಿದ ಅಧ್ಯಯನವೂ ಇದೇ ಕಾಲದ್ದು.

ಮನ್ನಣೆ ತಾನಾಗಿ ಅವರನ್ನು ಅರಸಿಕೊಂಡು ಬಂದಿತು. 1940ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಗೊಂಡರು. 1942ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದರು. 1946ರಲ್ಲಿ ಆಗಿನ ಸರ್ಕಾರ ಅವರಿಗೆ ಸರ್ ಪದವಿಯನ್ನು ನೀಡಿತು. ಸ್ವತಂತ್ರ ಭಾರತ 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1958ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪುರಸ್ಕಾರವನ್ನು ಸ್ಥಾಪಿಸಿದಾಗ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು.

ಇದರ ನಡುವೆ ದೇಶ ಅವರ ಹೆಗಲಿಗೆ ದೊಡ್ಡ ಹೊಣೆಯೊಂದನ್ನು ಹೊರಿಸಿತು. ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯಕ್ಕೆ 1947ರ ಜನವರಿ 4ರಂದು ಜವಾಹರಲಾಲ್ ನೆಹರೂ ಅವರು ಅಸ್ತಿಭಾರವನ್ನಿಟ್ಟರು. 1950ರ ಜನವರಿ 21ರಂದು ಸರ್ದಾರ್ ವಲ್ಲಭಭಾಯಿ ಪಟೇಲರು ಅದನ್ನು ಉದ್ಘಾಟಿಸಿದರು. ದೇಶದ ಉದ್ದ, ತೂಕ, ಕಾಲ ಮುಂತಾದ ಅಳತೆಗಳ ಮಾನಕಗಳನ್ನು ಕಾಯುವ ಈ ಸಂಸ್ಥೆಯ ಮೊದಲ ನಿರ್ದೇಶಕರು ಕೃಷ್ಣನ್. 1948ರಲ್ಲಿ ರಚಿತವಾದ ಪರಮಾಣು ಶಕ್ತಿ ಆಯೋಗದಲ್ಲಿ ಭಾಭಾ ಮತ್ತು ಭಟ್ನಾಗರರೊಡನೆ ಅವರೂ ಸದಸ್ಯರಾಗಿದ್ದರು. ಕಡತಗಳು, ಸಭೆಗಳು, ಕಟ್ಟಡದ ಕೆಲಸ, ನೇಮಕಗಳು ಇವು ಸಂಶೋಧಕನ ಸಮಯವನ್ನು ನುಂಗುವ ಕೆಲಸಗಳು. ಕೃಷ್ಣನ್ ಅವುಗಳನ್ನು ಕರ್ತವ್ಯವೆಂದು ನಿರ್ವಹಿಸಿದರು. ಆದರೆ ಸಂಶೋಧನೆಯನ್ನು ಕೈಬಿಡಲಿಲ್ಲ. ಕಾಯಿಸಿದ ವಸ್ತುಗಳಿಂದ ಎಲೆಕ್ಟ್ರಾನುಗಳು ಹೊರಹೊಮ್ಮುವ ಬಗೆಯನ್ನೂ ವಿದ್ಯುತ್ತಿನಿಂದ ಕಾದ ತಂತಿಯಲ್ಲಿ ಉಷ್ಣತೆ ಹರಡುವ ರೀತಿಯನ್ನೂ ಅವರು ದೆಹಲಿಯಲ್ಲಿ ಅಧ್ಯಯನ ಮಾಡಿದರು. ತಮಿಳಿನಲ್ಲಿ ವಿಜ್ಞಾನ ಲೇಖನಗಳನ್ನು ಬರೆದರು. ಮಾತೃಭಾಷೆಯಲ್ಲಿ ವಿಜ್ಞಾನವನ್ನು ಹೇಳಬಹುದೇ ಎಂದು ಶಂಕಿಸುವವರಿಗೆ ಆ ಬರಹಗಳೇ ಉತ್ತರವಾಗಿದ್ದುವು. 1961ರ ಜೂನ್ ತಿಂಗಳಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ, ಇನ್ನೂ ನಿರ್ದೇಶಕರಾಗಿದ್ದಾಗಲೇ ಅವರು ಕಾಲವಶರಾದರು.

ವಿಜ್ಞಾನಿಯ ಆಯುಷ್ಯ ಅವನ ಉಸಿರಿನೊಂದಿಗೆ ಮುಗಿಯುವುದಿಲ್ಲ. ಅವನು ಕೇಳಿದ ಪ್ರಶ್ನೆ ಎಲ್ಲಿಯವರೆಗೆ ಜೀವಂತವಾಗಿರುತ್ತದೆಯೋ ಅಲ್ಲಿಯವರೆಗೆ ಅವನೂ ಜೀವಂತ. ಹರಳಿನೊಳಗಿನ ಕಾಂತಕ್ಕೆ ಯಾವ ದಿಕ್ಕು ಪ್ರಿಯ ಎಂಬ ಕೃಷ್ಣನ್ ಅವರ ಪ್ರಶ್ನೆ ಅವರ ಕಾಲಾನಂತರ ಒಂದು ವಿಚಿತ್ರ ಸನ್ನಿವೇಶದಲ್ಲಿ ಮತ್ತೆ ತಲೆಯೆತ್ತಿತು.

ಮೂವರು ಗೆಳೆಯರು ತ್ರಿಕೋನದ ಮೂರು ಮೂಲೆಗಳಲ್ಲಿ ನಿಂತಿರುವರೆಂದು ಭಾವಿಸಬಹುದು. ಪ್ರತಿಯೊಬ್ಬನೂ ಉತ್ತರಕ್ಕೆ ಇಲ್ಲವೆ ದಕ್ಷಿಣಕ್ಕೆ ಮುಖ ಮಾಡಬೇಕು. ಯಾವ ಇಬ್ಬರೂ ಒಂದೇ ದಿಕ್ಕನ್ನು ನೋಡಕೂಡದು. ಮೊದಲನೆಯವನು ಉತ್ತರಕ್ಕೆ, ಎರಡನೆಯವನು ದಕ್ಷಿಣಕ್ಕೆ ತಿರುಗಿದ ಮೇಲೆ ಮೂರನೆಯವನು ಎತ್ತ ತಿರುಗಬೇಕು? ಎತ್ತ ತಿರುಗಿದರೂ ಒಬ್ಬನೊಡನೆ ನಿಯಮಭಂಗವಾಗುತ್ತದೆ. ತಪ್ಪು ಯಾರದೂ ಅಲ್ಲ. ನಿಂತ ನೆಲೆಯ ಆಕಾರದ್ದು. ಪರಮಾಣುಗಳೆಂಬ ಪುಟ್ಟ ಕಾಂತಗಳು ತ್ರಿಕೋನದ ಜಾಲದಲ್ಲಿ ಕುಳಿತಾಗ ಇದೇ ಬಿಕ್ಕಟ್ಟು ಉಂಟಾಗುವುದನ್ನು ವಾನಿಯರ್ ಎಂಬ ವಿಜ್ಞಾನಿ 1950ರಲ್ಲಿ ಗಣಿತದಿಂದ ತೋರಿಸಿದರು. ವಿಜ್ಞಾನಿಗಳು ಇದನ್ನು ರೇಖಾಗಣಿತದಿಂದ ಒದಗಿದ ಹತಾಶೆ ಎಂದು ಕರೆಯುತ್ತಾರೆ.

ಡಿಸ್‌ಪ್ರೋಸಿಯಂ, ಹೋಲ್ಮಿಯಂ, ಎರ್ಬಿಯಂ ಇವುಗಳಲ್ಲಿ ಯಾವುದಾದರೊಂದನ್ನು ಟೈಟೇನಿಯಂ ಮತ್ತು ಆಮ್ಲಜನಕದೊಡನೆ ಕೂಡಿಸಿದರೆ ಟೈಟನೇಟ್ ಎಂಬ ಆಕ್ಸೈಡಿನ ಹರಳು ದೊರೆಯುತ್ತದೆ. ಅದರಲ್ಲಿ ವಿರಳ ಭಸ್ಮದ ಪರಮಾಣುಗಳು ಚತುರ್ಮುಖಿಗಳ ಮೂಲೆಗಳಲ್ಲಿರುತ್ತವೆ. ನಾಲ್ಕು ತ್ರಿಕೋನಗಳಿಂದಾದ ಘನಾಕೃತಿಯೇ ಚತುರ್ಮುಖಿ. ಇಲ್ಲಿ ಒಂದೊಂದು ಮೂಲೆಯೂ ಎರಡು ಚತುರ್ಮುಖಿಗಳಿಗೆ ಸೇರಿದ್ದು. ಡಿಸ್‌ಪ್ರೋಸಿಯಂ ಮತ್ತು ಹೋಲ್ಮಿಯಂಗಳ ಕಾಂತಗಳಿಗೆ ನೆರೆಹೊರೆಯ ಆಮ್ಲಜನಕ ವಿಧಿಸಿದ ಒಲವು ಒಂದೇ ರೇಖೆಯದು. ಚತುರ್ಮುಖಿಯ ನಡುವಿನತ್ತ ಇಲ್ಲವೆ ಅದರಿಂದ ಹೊರಕ್ಕೆ, ಇಷ್ಟೇ ಅವುಗಳಿಗಿರುವ ಸ್ವಾತಂತ್ರ್ಯ. ನಾಲ್ಕು ಕಾಂತಗಳು ಒಟ್ಟು 16 ರೀತಿಗಳಲ್ಲಿ ನಿಲ್ಲಬಹುದು. ಪರಸ್ಪರ ಸೆಳೆತಗಳನ್ನೆಲ್ಲ ಒಮ್ಮೆಗೇ ತೃಪ್ತಿಪಡಿಸುವುದು ಸಾಧ್ಯವಿಲ್ಲವಾದುದರಿಂದ ಅವು ರಾಜಿ ಮಾಡಿಕೊಳ್ಳುತ್ತವೆ: ಎರಡು ಒಳಮುಖ, ಎರಡು ಹೊರಮುಖ. ಈ ರಾಜಿಗೂ 6 ರೀತಿಗಳಿವೆ. ಕೋಟ್ಯನುಕೋಟಿ ಚತುರ್ಮುಖಿಗಳಿರುವ ಹರಳಿನಲ್ಲಿ ಯಾವ ರೀತಿಯನ್ನು ಆಯ್ದುಕೊಳ್ಳಬೇಕೆಂದು ತಿಳಿಯದೆ ಕಾಂತಗಳು ಅಸ್ತವ್ಯಸ್ತವಾಗಿಯೇ ಹೆಪ್ಪುಗಟ್ಟುತ್ತವೆ.

ನೀರಿನ ಮಂಜುಗಡ್ಡೆಯಲ್ಲಿಯೂ ಹೀಗೆಯೇ. ಅಲ್ಲಿ ಪ್ರತಿಯೊಂದು ಆಮ್ಲಜನಕದ ಸುತ್ತಲೂ ನಾಲ್ಕು ಜಲಜನಕಗಳಿರುತ್ತವೆ. ಎರಡು ಹತ್ತಿರ, ಎರಡು ದೂರ. ಇದರಿಂದ ಮಂಜುಗಡ್ಡೆಯಲ್ಲಿ ಉಳಿಯುವ ಅವ್ಯವಸ್ಥೆಯನ್ನು ಲೈನಸ್ ಪಾಲಿಂಗ್ 1935ರಲ್ಲಿಯೇ ಲೆಕ್ಕ ಹಾಕಿದ್ದರು. ಹೋಲ್ಮಿಯಂ ಟೈಟನೇಟಿನಲ್ಲಿ ಅದೇ ಬಗೆಯ ವರ್ತನೆಯನ್ನು ಹ್ಯಾರಿಸ್, ಬ್ರಾಮ್‌ವೆಲ್ ಮತ್ತು ಅವರ ಸಂಗಡಿಗರು 1997ರಲ್ಲಿ ಕಂಡು, ಅದಕ್ಕೆ ಸ್ಪಿನ್ ಐಸ್ ಎಂಬ ಹೆಸರನ್ನಿಟ್ಟರು. ಡಿಸ್‌ಪ್ರೋಸಿಯಂ ಟೈಟನೇಟಿನಲ್ಲಿ ಉಳಿಯುವ ಅವ್ಯವಸ್ಥೆ ಪಾಲಿಂಗರ ಲೆಕ್ಕಕ್ಕೆ ಬಹು ಸಮೀಪವಾಗಿರುವುದು 1999ರಲ್ಲಿ ಅಳತೆಯಿಂದ ತಿಳಿದುಬಂದಿತು.

ಇದಕ್ಕಿಂತಲೂ ಗಮನಿಸಬೇಕಾದ ಸಂಗತಿ ಎರ್ಬಿಯಂ ಟೈಟನೇಟಿನದು. ಅದೇ ರಚನೆ, ಅದೇ ಚತುರ್ಮುಖಿಗಳ ಜಾಲ. ಆದರೆ ಎರ್ಬಿಯಂ ಕಾಂತಕ್ಕೆ ಪ್ರಿಯವಾದುದು ಆ ರೇಖೆಯಲ್ಲ, ರೇಖೆಗೆ ಲಂಬವಾದ ತಲ. ಪರಿಣಾಮವಾಗಿ, ಸೊನ್ನೆ ಡಿಗ್ರಿಗಿಂತ ಸುಮಾರು 272 ಡಿಗ್ರಿ ಸೆಲ್ಸಿಯಸ್ ಕೆಳಗಿನ, ಎಂದರೆ 1.2 ಕೆಲ್ವಿನ್ನಿನಷ್ಟು ಶೈತ್ಯದಲ್ಲಿ ಅದರ ಕಾಂತಗಳು ಕ್ರಮವಾಗಿ ಸಾಲುಗೂಡಿ ನಿಲ್ಲುತ್ತವೆ. ಮನೆಯ ವಿನ್ಯಾಸ ಒಂದೇ ಆದರೂ ಒಲವು ಬೇರೆಯಾದುದರಿಂದ ಒಂದು ಹರಳಿಗೆ ಶಿಸ್ತು, ಇನ್ನೊಂದಕ್ಕೆ ಬಿಕ್ಕಟ್ಟು. ಹರಳಿನ ಕಾಂತಗುಣವನ್ನು ಅರಿಯಬೇಕಾದರೆ ಮೊದಲು ಅದರ ದಿಕ್ಕಿನ ಒಲವನ್ನು ಅರಿಯಬೇಕು. ಕೃಷ್ಣನ್ ಬೆಣಚುಕಲ್ಲಿನ ಎಳೆಯನ್ನು ತಿರುಚುತ್ತ ಜೀವಮಾನವಿಡೀ ಸಾಧಿಸಿದ ಪಾಠವೇ ಇದು.

ಚಿತ್ರದುರ್ಗದ ಪಟ್ಟೆಕಲ್ಲುಗಳಲ್ಲಿರುವ ಮ್ಯಾಗ್ನೆಟೈಟಿನಲ್ಲಿಯೂ ಕಬ್ಬಿಣದ ಒಂದು ಪಾಲು ಇಂಥದೇ ಚತುರ್ಮುಖಿಗಳ ಜಾಲದಲ್ಲಿ ಕುಳಿತಿದೆ. ಆದರೆ ಅಲ್ಲಿ ಮಿಕ್ಕ ಕಬ್ಬಿಣದ ಪ್ರಭಾವ ಬಲವಾಗಿರುವುದರಿಂದ ಜಾಲದ ಕಾಂತಗಳೆಲ್ಲ ಒಂದೇ ಮುಖವಾಗಿ ನಿಲ್ಲುತ್ತವೆ; ಆದುದರಿಂದಲೇ ಆ ಕಲ್ಲಿಗೆ ಕಾಂತ ಅಂಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಡಿಸ್‌ಪ್ರೋಸಿಯಂ ಟೈಟನೇಟಿನ ಹರಳುಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಬಳಸಿದ ಸಾಧನಗಳಲ್ಲಿ ಒಂದು ರಾಮನ್ ಪರಿಣಾಮ. ಕೃಷ್ಣನ್ ಯೌವನದಲ್ಲಿ ಗುರುವಿನೊಡನೆ ಕಂಡ ಬೆಳಕು, ಅವರು ಅನಂತರ ತಾವಾಗಿ ಆರಿಸಿಕೊಂಡ ಕಾಂತಸ್ಫಟಿಕಗಳ ಕ್ಷೇತ್ರವನ್ನು ಹೀಗೆ ಬೆಳಗಿತು. ಅದೇ ಸಂಸ್ಥೆಯ ಎರಡನೆಯ ಆವರಣ ಚಿತ್ರದುರ್ಗ ಜಿಲ್ಲೆಯ ಕುದಾಪುರದ ಬಳಿ ಬೆಳೆದಿದೆ.

1987ರಿಂದ ಪ್ರತಿ ವರ್ಷ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನ ರಾಮನ್ ಅವರನ್ನು ನೆನೆಯುವುದು ಉಚಿತವೇ ಸರಿ. ಅವರ ಪಕ್ಕದಲ್ಲಿ ನಿಂತು ದುಡಿದ, ದೊರೆಯದ ಕೀರ್ತಿಗಾಗಿ ಮನಸ್ಸನ್ನು ಕಹಿಮಾಡಿಕೊಳ್ಳದೆ ಹೊಸ ಹೊಲವನ್ನು ಉತ್ತ ಕೃಷ್ಣನ್ ಅವರನ್ನೂ ನೆನೆಯುವುದು ನ್ಯಾಯ. ಒಂದು ದಿಕ್ಕಿನಲ್ಲಿ ಬಾಗಿಲು ಮುಚ್ಚಿದಾಗ ಉಳಿದ ದಿಕ್ಕುಗಳನ್ನು ತಾಳ್ಮೆಯಿಂದ ಪರೀಕ್ಷಿಸಿ ನೋಡುವ ಗುಣ ಅವರ ಪ್ರಯೋಗದಲ್ಲಿಯೂ ಇದ್ದಿತು, ಬಾಳಿನಲ್ಲಿಯೂ ಇದ್ದಿತು.